ಗಿಟಾರ್ ಕಲಿಯುವವರು ಎಡವುವ ಜಾಗ

ಗಿಟಾರ್ ತಗೊಂಡು ಎರಡು ಮೂರು ತಿಂಗಳು ಉತ್ಸಾಹದಿಂದ ನುಡಿಸಿ, ಆಮೇಲೆ ಮೂಲೆಗೆ ಒರಗಿಸಿಟ್ಟವರು ನಿಮ್ಮ ಪರಿಚಯದಲ್ಲೂ ಇದ್ದೇ ಇರುತ್ತಾರೆ. ಯಾಕೆ ಬಿಟ್ಟಿರಿ ಅಂತ ಕೇಳಿದರೆ ಬೆರಳು ಚಿಕ್ಕದು, ವಯಸ್ಸಾಯ್ತು, ನನಗೆ ಸಂಗೀತ ಒಲಿಯುವುದಿಲ್ಲ ಅಂತೆಲ್ಲ ಹೇಳುತ್ತಾರೆ. ನಾನಂತೂ ಇದನ್ನು ಒಪ್ಪುವುದಿಲ್ಲ. ಜಾಂಗೋ ರೈನ್‌ಹಾರ್ಟ್ 1928ರಲ್ಲಿ ಬೆಂಕಿಗೆ ಸಿಕ್ಕಿ ಎಡಗೈಯ ಎರಡು ಬೆರಳುಗಳ ಶಕ್ತಿ ಕಳೆದುಕೊಂಡರು. ಆಮೇಲೂ ಹೆಚ್ಚಾಗಿ ಉಳಿದೆರಡು ಬೆರಳಲ್ಲೇ ಸೋಲೋ ನುಡಿಸಿ ಜಾಝ್ ಗಿಟಾರ್‌ನ ದೊಡ್ಡ ಹೆಸರಾದರು. ಹಾಗಾಗಿ ತೊಂದರೆ ಬೆರಳಲ್ಲಿಲ್ಲ.

ನನ್ನ ಪ್ರಕಾರ ಹೆಚ್ಚಿನವರು ಸೋಲುವುದು ಒಂದೇ ಜಾಗದಲ್ಲಿ. ಸಿ ಕಾರ್ಡ್ (ಕೆಲವು ಸ್ವರ ಒಟ್ಟಿಗೆ ನುಡಿಯುವಂತೆ ಬೆರಳಿಡುವ ಆಕಾರ) ಹಿಡಿಯಲು ಬರುತ್ತದೆ, ಜಿ ಬರುತ್ತದೆ, ಡಿ ಕೂಡ ಬರುತ್ತದೆ. ಆದರೆ ಸಿ ಇಂದ ಜಿಗೆ ಹೋಗುವಷ್ಟರಲ್ಲಿ ಹಾಡು ಮುಂದೆ ಹೋಗಿಬಿಟ್ಟಿರುತ್ತದೆ. ಕೈ ನಿಲ್ಲುತ್ತದೆ, ಕಣ್ಣು ಬೆರಳಿನ ಮೇಲೆ ಹೋಗುತ್ತದೆ, ಒಂದೊಂದೇ ಬೆರಳು ಹುಡುಕಿ ಹುಡುಕಿ ಕೂರಿಸುತ್ತೇವೆ, ಮತ್ತೆ ಶುರು ಮಾಡುತ್ತೇವೆ. ಇದಕ್ಕೆ ನಾವು ಕಂಡುಕೊಳ್ಳುವ ಪರಿಹಾರ ಏನು ಗೊತ್ತಾ? ಇನ್ನೂ ನಾಲ್ಕು ಹೊಸ ಕಾರ್ಡ್ ಕಲಿಯುವುದು! ದಯವಿಟ್ಟು ಬೇಡ. ನಾಲ್ಕು ಕಾರ್ಡ್ ಸಾಕು, ಅವುಗಳ ನಡುವೆ ಓಡಾಡುವುದನ್ನು ಕಲಿಯಿರಿ.

ಬದಲಾಯಿಸುವುದು ಅಂದರೆ ಎಲ್ಲ ಬೆರಳೂ ಎತ್ತಿ ಮತ್ತೆ ಇಡುವುದು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಎ ಮೈನರ್‌ನಿಂದ ಸಿಗೆ ಹೋಗಿ ನೋಡಿ (ತಂತಿ ಎಣಿಸುವುದು ಕೆಳಗಿನ ತೆಳು ತಂತಿಯಿಂದ). ತೋರುಬೆರಳು ಎರಡನೇ ತಂತಿಯ ಮೇಲೆ ಇದ್ದಲ್ಲೇ ಇರುತ್ತದೆ, ಮಧ್ಯದ ಬೆರಳು ನಾಲ್ಕನೇ ತಂತಿಯ ಮೇಲೆ ಇದ್ದಲ್ಲೇ ಇರುತ್ತದೆ. ಉಂಗುರದ ಬೆರಳೊಂದೇ ಮೂರನೇ ತಂತಿಯಿಂದ ಐದನೇ ತಂತಿಯ ಮೂರನೇ ಫ್ರೆಟ್‌ಗೆ (ಗಿಟಾರ್ ಕತ್ತಿನ ಅಡ್ಡ ಕಂಬಿಗಳ ನಡುವಿನ ಮನೆ) ಹೋಗಬೇಕು. ಅಷ್ಟೇ! ಇ ಮೇಜರ್‌ನಿಂದ ಎ ಮೈನರ್‌ಗೆ ಹೋಗುವಾಗ ಕೈಯ ಆಕಾರ ಬದಲಾಗುವುದೇ ಇಲ್ಲ, ಮೂರೂ ಬೆರಳು ಒಟ್ಟಿಗೆ ಒಂದೊಂದು ತಂತಿ ಕೆಳಗೆ ಸರಿಯುತ್ತವೆ. ಜಿ ಕಾರ್ಡನ್ನು ನಾಲ್ಕು ಬೆರಳಲ್ಲಿ ಹಿಡಿದು, ಉಂಗುರದ ಬೆರಳನ್ನು ಎರಡನೇ ತಂತಿಯ ಮೂರನೇ ಫ್ರೆಟ್ ಮೇಲೆ ಇಟ್ಟರೆ, ಡಿಗೆ ಹೋಗುವಾಗ ಆ ಬೆರಳನ್ನು ಎತ್ತುವ ಅಗತ್ಯವೇ ಇಲ್ಲ. ಯಾವುದೇ ಎರಡು ಕಾರ್ಡ್ ಕಲಿತಾಗಲೂ ಮೊದಲು ಇದನ್ನೇ ಹುಡುಕಿ: ಯಾವ ಬೆರಳು ಉಳಿಯುತ್ತದೆ, ಯಾವುದು ಸರಿಯುತ್ತದೆ, ಯಾವುದು ಏಳುತ್ತದೆ.

ಆಮೇಲೆ ಫೋನಿನಲ್ಲಿ ಒಂದು ನಿಮಿಷದ ಟೈಮರ್ ಇಟ್ಟುಕೊಂಡು ಎರಡೇ ಕಾರ್ಡ್ ನಡುವೆ ಹೋಗಿ ಬನ್ನಿ. ಪ್ರತಿ ಸಲ ಒಂದೇ ಏಟು ಬಾರಿಸಿ, ಎಷ್ಟು ಸಲ ಆಯ್ತು ಎಣಿಸಿ, ಬರೆದಿಡಿ. ನಾಳೆ ಮತ್ತೆ ಅದೇ. ನೋಡಲು ತೀರಾ ಬೇಜಾರಿನ ಕೆಲಸ, ನಿಜ. ಆದರೆ ಇಷ್ಟು ಬೇಗ ಫಲ ಕೊಡುವ ಅಭ್ಯಾಸ ಗಿಟಾರ್‌ನಲ್ಲಿ ನನಗೆ ಬೇರೆ ಕಂಡಿಲ್ಲ. ಸಿ ಥರದ ಕಾರ್ಡ್‌ಗೆ ಹೋಗುವಾಗ ದಪ್ಪ ತಂತಿಯ ಬೆರಳನ್ನು ಮೊದಲು ಇಡಿ, ಯಾಕೆಂದರೆ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಕೆಳಗೆ ಬರುವಾಗ ಮೊದಲು ತಾಗುವುದು ಅದೇ ತಂತಿ. ಬರುಬರುತ್ತಾ ಎಲ್ಲ ಬೆರಳೂ ಒಟ್ಟಿಗೆ ಕೂರುತ್ತವೆ.

ಇನ್ನು ಬಲಗೈ. ಈ ವಿಷಯದಲ್ಲಿ ನನಗೆ ಸ್ವಲ್ಪ ಹಟ ಜಾಸ್ತಿ. ಬಲಗೈ ಯಾವತ್ತೂ ಎಡಗೈಗೋಸ್ಕರ ಕಾಯಬಾರದು. ತಾಳಕ್ಕೆ ಸರಿಯಾಗಿ ಒಂದೇ ಸಮನೆ ಕೆಳಗೆ ಮೇಲೆ ಹೋಗುತ್ತಲೇ ಇರಬೇಕು, ತಂತಿಗೆ ತಾಗದ ಕಡೆಯೂ ಗಾಳಿಯಲ್ಲಿ ಕೈ ಆಡುತ್ತಿರಬೇಕು. ಎಡಗೈ ತಡವಾಯಿತೇ? ಖಾಲಿ ತಂತಿಯೇ ನುಡಿಯಲಿ ಬಿಡಿ. ಚೆನ್ನಾಗಿ ನುಡಿಸುವವರು ವೇಗವಾಗಿ ಸ್ಟ್ರಮ್ ಮಾಡುವಾಗ, ಅಂದರೆ ತಂತಿಗಳನ್ನು ಒಟ್ಟಿಗೆ ಬಾರಿಸುವಾಗ, ಕಿವಿಗೊಟ್ಟು ಕೇಳಿ. ಕಾರ್ಡ್ ಬದಲಾಗುವ ಮುಂಚಿನ ಕೊನೆಯ ಮೇಲ್‌ಸ್ಟ್ರೋಕ್ ಎಷ್ಟೋ ಸಲ ಖಾಲಿ ತಂತಿಯ ಮೇಲೇ ಬಿದ್ದಿರುತ್ತದೆ, ಎಡಗೈ ಅಷ್ಟರಲ್ಲಿ ಜಾಗ ಬದಲಿಸುತ್ತಿರುತ್ತದೆ. ಕೇಳುವವರಿಗೆ ಅದು ತಪ್ಪು ಅನ್ನಿಸುವುದೇ ಇಲ್ಲ. ಒಂದು ಸ್ವರ ಮಂಕಾದರೆ ಯಾರೂ ಗಮನಿಸುವುದಿಲ್ಲ, ತಾಳ ನಿಂತರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ, ಅಲ್ವಾ?

ಹಾಡುತ್ತಾ ಹಾಡುತ್ತಾ ರಾಗ ಅನ್ನುತ್ತಾರೆ. ಒಪ್ಪೋಣ. ಆದರೆ ತಪ್ಪನ್ನೇ ಮತ್ತೆ ಮತ್ತೆ ನುಡಿಸಿದರೆ ಕೈಗೆ ಕೂರುವುದು ತಪ್ಪೇ. ಅದಕ್ಕೇ ನಿಧಾನ ಮುಖ್ಯ. ಮೆಟ್ರೊನೋಮ್ (ಟಕ್ ಟಕ್ ಅಂತ ತಾಳ ಕೊಡುವ ಸಾಧನ) 60ಕ್ಕೆ ಇಡಿ, ಅಂದರೆ ಸೆಕೆಂಡಿಗೆ ಒಂದು ಏಟು, ನಾಲ್ಕು ಏಟಿಗೊಮ್ಮೆ ಕಾರ್ಡ್ ಬದಲಿಸಿ. ತಡವರಿಸದೆ ಬಂದರೆ 65. ತಡವರಿಸಿದರೆ 55ಕ್ಕೆ ಇಳಿಯಿರಿ, ಅದರಲ್ಲಿ ನಾಚಿಕೆ ಏನಿಲ್ಲ. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಾ ಹದಿನೈದು ನಿಮಿಷ ಎಷ್ಟೋ ಮೇಲು.

ಅಷ್ಟಾದರೂ ಕಾರ್ಡ್ ಸ್ಪಷ್ಟವಾಗಿ ನುಡಿಯದಿದ್ದರೆ ಒತ್ತುವ ರೀತಿ ನೋಡಿಕೊಳ್ಳಿ. ಬೆರಳು ಫ್ರೆಟ್ ಕಂಬಿಗೆ ಹತ್ತಿರ, ಅದರ ಹಿಂದೆಯೇ ಇರಬೇಕು. ದೂರ ಹೋದಷ್ಟೂ ಜಾಸ್ತಿ ಒತ್ತಬೇಕಾಗುತ್ತದೆ. ಸುಮ್ನೆ ಮುಟ್ಟಿ ನುಡಿಸಿ, ನಿಧಾನವಾಗಿ ಒತ್ತಡ ಹೆಚ್ಚಿಸುತ್ತಾ ಹೋಗಿ, ಕರಕರ ಶಬ್ದ ನಿಂತು ಸ್ವರ ಶುದ್ಧವಾದ ಕಡೆ ನಿಲ್ಲಿಸಿ. ಬೇಕಾಗಿರುವುದು ಅಷ್ಟೇ ಒತ್ತಡ. ಬೆರಳ ತುದಿ ಕೆಲವು ವಾರ ನೋಯುವುದು ಸಹಜ, ಚರ್ಮ ಗಟ್ಟಿಯಾಗುತ್ತದೆ. ಮಣಿಕಟ್ಟು, ಮುಂಗೈ ನೋಯುತ್ತಿದ್ದರೆ ಮಾತ್ರ ತಕ್ಷಣ ನಿಲ್ಲಿಸಿ, ಕೈ ಇಟ್ಟುಕೊಳ್ಳುವ ರೀತಿ ಸರಿಮಾಡಿಕೊಳ್ಳಿ.

ಕೆಲವು ಸಲ ದೋಷ ಗಿಟಾರ್‌ನದ್ದೇ ಆಗಿರುತ್ತದೆ, ಬೈಸಿಕೊಳ್ಳುವವರು ಕಲಿಯುವವರು. ಸ್ಟೀಲ್ ತಂತಿಯ ಅಕೂಸ್ಟಿಕ್ ಗಿಟಾರ್‌ನಲ್ಲಿ 12ನೇ ಫ್ರೆಟ್ ಮೇಲೆ ದಪ್ಪ ತಂತಿ ಎಷ್ಟು ಎತ್ತರದಲ್ಲಿದೆ ಅಂತ ಸ್ಕೇಲ್ ಇಟ್ಟು ನೋಡಿ. ಸುಮಾರು 2ರಿಂದ 2.5 ಮಿಲಿಮೀಟರ್ ಇದ್ದರೆ ಆರಾಮ. 4 ಇದ್ದರೆ ಅದು ಹೊಸಬರಿಗೆ ಶಿಕ್ಷೆ, ರಿಪೇರಿ ಗೊತ್ತಿರುವವರ ಹತ್ತಿರ ಕೊಟ್ಟು ಇಳಿಸಿಕೊಳ್ಳಿ. 12ರ ಸೆಟ್ ತಂತಿ ಬಿಗಿ ಅನ್ನಿಸಿದರೆ ಅದಕ್ಕಿಂತ ತೆಳುವಾದ 10ರ ಸೆಟ್ ಹಾಕಬಹುದು. ನೈಲಾನ್ ತಂತಿಯ ಗಿಟಾರ್‌ಗೆ ಮಾತ್ರ ಸ್ಟೀಲ್ ತಂತಿ ಹಾಕಬೇಡಿ, ಆ ಎಳೆತಕ್ಕೆ ಬ್ರಿಡ್ಜ್ (ಗಿಟಾರ್ ಮೈ ಮೇಲೆ ತಂತಿ ಕಟ್ಟುವ ಪಟ್ಟಿ) ಕಿತ್ತು ಬರಬಹುದು.

ಇನ್ನು ಎಲ್ಲರ ಶತ್ರು ಎಫ್ ಕಾರ್ಡ್. ಮೊದಲು ಕೆಳಗಿನ ನಾಲ್ಕೇ ತಂತಿಯ ಎಫ್ ನುಡಿಸಿ, ಹಾಡು ನಡೆಯುತ್ತದೆ. ಪೂರ್ತಿ ಬಾರ್ ಕಾರ್ಡ್‌ಗೆ (ತೋರುಬೆರಳನ್ನು ತಂತಿಗಳ ಮೇಲೆ ಅಡ್ಡ ಮಲಗಿಸಿ ಹಿಡಿಯುವ ಕಾರ್ಡ್) ಬಂದಾಗ ಒಂದು ವಿಷಯ ನೆನಪಿರಲಿ: ತೋರುಬೆರಳು ಆರೂ ತಂತಿ ಒತ್ತಬೇಕಿಲ್ಲ. ಆರನೆಯದು, ಎರಡನೆಯದು, ಒಂದನೆಯದು ಸಾಕು, ಉಳಿದ ಮೂರನ್ನು ಬೇರೆ ಬೆರಳುಗಳು ಹಿಡಿದಿರುತ್ತವೆ. ಬೆರಳನ್ನು ಸ್ವಲ್ಪ ಪಕ್ಕಕ್ಕೆ ಹೊರಳಿಸಿ, ಗಟ್ಟಿ ಬದಿ ತಂತಿಗೆ ತಾಗಲಿ. ಮತ್ತೆ ಇದನ್ನು ಒಂದನೇ ಫ್ರೆಟ್‌ನಲ್ಲಿ ಶುರು ಮಾಡಲೇಬೇಡಿ! ಐದನೇ ಫ್ರೆಟ್‌ನಲ್ಲಿ ಅದೇ ಆಕಾರ ಹಿಡಿಯಿರಿ, ಅಲ್ಲಿ ತಂತಿ ಸುಲಭವಾಗಿ ಬಾಗುತ್ತದೆ, ಫ್ರೆಟ್‌ಗಳೂ ಹತ್ತಿರ ಇರುತ್ತವೆ. ಅಲ್ಲಿ ಬಂದ ಮೇಲೆ ಒಂದೊಂದೇ ಫ್ರೆಟ್ ಹಿಂದಕ್ಕೆ ಬನ್ನಿ.

ಕೊನೆಗೆ, ವಾರಕ್ಕೊಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಕೇಳಿ. ನುಡಿಸುವಾಗ ಕಿವಿಗೆ ಬೀಳದ ತಡವರಿಕೆ ಆಗ ಸರಿಯಾಗಿ ಕೇಳಿಸುತ್ತದೆ. ಯಾವ ಎರಡು ಕಾರ್ಡ್ ನಡುವೆ ತಾಳ ಜಾರಿತು ಅಂತ ಗುರುತು ಹಾಕಿಕೊಂಡು, ಆ ದಿನದ ಒಂದು ನಿಮಿಷದ ಟೈಮರ್ ಅದಕ್ಕೇ ಇಡಿ.