ಕೊಲ್ಲಿಯಲ್ಲಿ ಅಳತೆಪಟ್ಟಿ, ಗಂಗೊಳ್ಳಿಯಲ್ಲಿ ತಿಂಗಳ ಲೆಕ್ಕ

ಮೆಲ್ಬರ್ನಿನ ಪೋರ್ಟ್ ಫಿಲಿಪ್ ಕೊಲ್ಲಿಯ ದಡದಲ್ಲಿ ಅಕ್ಟೋಬರ್ ಮುಗಿಯುವ ಹೊತ್ತಿಗೆ ನಸುಕಿನ ನಾಲ್ಕು ಗಂಟೆಗೇ ಕಾರುಗಳ ಸಾಲು ನಿಲ್ಲುತ್ತದೆ. ಪ್ರತಿ ಕಾರಿನ ಹಿಂದೊಂದು ಟ್ರೇಲರ್, ಅದರ ಮೇಲೊಂದು ಫೈಬರ್ ಅಥವಾ ಅಲ್ಯೂಮಿನಿಯಂ ದೋಣಿ. ಬಾಸ್ ಜಲಸಂಧಿಯಿಂದ ಕೊಲ್ಲಿಯೊಳಗೆ ಬರುವ ಸ್ನ್ಯಾಪರ್ ಮೀನಿಗಾಗಿ ಇವರೆಲ್ಲ ನಿದ್ದೆಗೆಟ್ಟು ಬಂದವರು. ಗಂಗೊಳ್ಳಿಯ ಅಳಿವೆಯಲ್ಲಿ ಚಿಕ್ಕಪ್ಪನ ಪಾತಿ ದೋಣಿ ಹತ್ತಿ ಬೆಳೆದ ನಾನೂ ಹಲವು ವರ್ಷಗಳಿಂದ ಈ ಸಾಲಿನಲ್ಲಿ ನಿಲ್ಲುತ್ತಿದ್ದೇನೆ. ಹೊಟ್ಟೆಪಾಡಿನ ಮೀನುಗಾರಿಕೆಯನ್ನೂ ಹವ್ಯಾಸದ ಮೀನುಗಾರಿಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂದು ಗೊತ್ತಿದ್ದರೂ, ಎರಡೂ ಕಡೆಯ ಜನ ತಮ್ಮ ಕೈಗೆ ತಾವೇ ಹಾಕಿಕೊಂಡ ಕಟ್ಟುಪಾಡುಗಳನ್ನು ಹೋಲಿಸದೆ ಇರಲು ನನ್ನಿಂದಾಗುವುದಿಲ್ಲ. ಅಲ್ಲಿ ಮೀನನ್ನು ಕಾಯುವುದು ತಿಂಗಳ ಲೆಕ್ಕ, ಇಲ್ಲಿ ಅಳತೆಪಟ್ಟಿ.

ಅಳತೆಪಟ್ಟಿಯ ನಿಯಮ ಕೇಳಲು ಸರಳವಾಗಿದೆ. ವಿಕ್ಟೋರಿಯಾದಲ್ಲಿ ಹವ್ಯಾಸಿಗಳು 28 ಸೆಂ.ಮೀ.ಗಿಂತ ಚಿಕ್ಕ ಸ್ನ್ಯಾಪರನ್ನು ಇಟ್ಟುಕೊಳ್ಳುವಂತಿಲ್ಲ. ಒಬ್ಬರಿಗೆ ದಿನಕ್ಕೆ 10 ಮೀನು, ಅವುಗಳಲ್ಲಿ 40 ಸೆಂ.ಮೀ. ಮುಟ್ಟಿದವು ಮೂರಕ್ಕಿಂತ ಹೆಚ್ಚಿರಬಾರದು. ಈ ನಿಯಮ ಕಾಗದದಲ್ಲಿ ಉಳಿಯದೆ ಗಾಳದ ಆಯ್ಕೆಯವರೆಗೂ ಇಳಿದುಬರುತ್ತದೆ ಎಂಬುದನ್ನು ನಾನು ತಪ್ಪು ಮಾಡಿಯೇ ಕಲಿತೆ.

ಸ್ನ್ಯಾಪರಿಗೆ ನಾನು ಒಯ್ಯುವುದು ತುದಿ ಮೆದುವಾಗಿ ಬಾಗುವ ಏಳಡಿಯ ಕೋಲು, 4000 ಗಾತ್ರದ ರೀಲು, 20 ಪೌಂಡು ಭಾರ ತಡೆಯುವ ಹೆಣೆದ ದಾರ, ಅದರ ತುದಿಗೆ 30 ಪೌಂಡಿನ ಫ್ಲೂರೋಕಾರ್ಬನ್ ಲೀಡರ್, ಅಂದರೆ ಗಾಳ ಕಟ್ಟುವ ತುಂಡು ದಾರ, ಲೀಡರಿನಲ್ಲಿ ಒಂದರ ಹಿಂದೊಂದು ಕಟ್ಟಿದ ಎರಡು 5/0 ಗಾತ್ರದ ಗಾಳ. ಸೀಸದ ಗುಂಡು ಆದಷ್ಟು ಚಿಕ್ಕದಾಗಿದ್ದು ದಾರದ ಮೇಲೆ ಸಲೀಸಾಗಿ ಜಾರುವಂತಿರಬೇಕು, ಏಕೆಂದರೆ ಎರೆ ಕಚ್ಚಿ ಓಡುವ ಮೀನಿಗೆ ಭಾರ ತಿಳಿದರೆ ಉಗುಳಿಬಿಡುತ್ತದೆ. ಎರೆಯೆಂದರೆ ಪಿಲ್ಚರ್ಡ್, ಅಂದರೆ ನಾವು ಬೈಗೆ ಎಂದೂ ಮಂಗಳೂರಿನ ಕಡೆಯವರು ಬೂತಾಯಿ ಎಂದೂ ಕರೆಯುವ ಮೀನಿನ ಹತ್ತಿರದ ನೆಂಟ. ಹೆಪ್ಪುಗಟ್ಟಿದ ಒಂದು ಕಿಲೋ ಗಟ್ಟಿಯನ್ನು ಒಡೆದು, ಹುಳಿ ಮೆಣಸು ಅರೆದು ಸಾರು ಮಾಡಬಹುದಾದ ಮೀನನ್ನು ಗಾಳಕ್ಕೆ ಚುಚ್ಚುವಾಗ ಮೊದಲ ದಿನ ನನ್ನ ಕೈ ನಿಜಕ್ಕೂ ತಡೆಯಿತು. ಈಗಲೂ ಉಳಿದ ಪಿಲ್ಚರ್ಡನ್ನು ಎಲ್ಲರಂತೆ ನೀರಿಗೆಸೆದು ಬರಲು ಮನಸ್ಸಾಗುವುದಿಲ್ಲ.

ಮೊದಲ ವರ್ಷ ನಾನು ಬಳಸುತ್ತಿದ್ದುದು ಊರಿನಲ್ಲಿ ಕಂಡ ಸಾಮಾನ್ಯ ಗಾಳವನ್ನೇ. ಇಲ್ಲಿ ಪಿಂಕಿ ಎನ್ನುವ ಎಳೆಯ ಸ್ನ್ಯಾಪರೊಂದು ಗಾಳವನ್ನು ಗಂಟಲಿನವರೆಗೆ ನುಂಗಿತ್ತು. ಪಟ್ಟಿಯ ಮೇಲಿಟ್ಟರೆ 24 ಸೆಂ.ಮೀ. ಇಕ್ಕಳದಿಂದ ಗಾಳ ಕಿತ್ತು ನೀರಿಗೆ ಬಿಟ್ಟಾಗ ಕಿವಿರಿನಿಂದ ರಕ್ತ ಒಸರುತ್ತಿತ್ತು. ಎರಡು ನಿಮಿಷದೊಳಗೆ ಅದು ಮಗ್ಗುಲಾಗಿ ತೇಲಿತು, ಕಡಲಹಕ್ಕಿಯೊಂದು ಬಂದು ಕಚ್ಚಿಕೊಂಡು ಹೋಯಿತು. ನಿಯಮ ಪಾಲಿಸಿದ್ದೆ, ಮೀನೂ ಸತ್ತಿತ್ತು. ಜೊತೆಗಿದ್ದ ಗ್ರೀಕ್ ಮೂಲದ ಮುದುಕರು ಏನೂ ಹೇಳದೆ ತಮ್ಮ ಡಬ್ಬಿಯಿಂದ ನಾಲ್ಕು ಸರ್ಕಲ್ ಗಾಳಗಳನ್ನು ತೆಗೆದುಕೊಟ್ಟರು. ಇದರ ಮೊನೆ ಒಳಮುಖವಾಗಿ ತಿರುಗಿರುತ್ತದೆ. ಕಚ್ಚಿದ ಕೂಡಲೇ ಕೋಲನ್ನು ಜಗ್ಗದೆ ಮೀನು ಓಡಲು ಬಿಟ್ಟರೆ ಗಾಳ ತಾನಾಗಿ ಜಾರಿ ಬಾಯಿಯ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಜಗ್ಗದೆ ಕೂರುವುದು ನನಗೆ ಒಂದು ಇಡೀ ಋತುವಿನ ಅಭ್ಯಾಸವಾಯಿತು. ಇಷ್ಟಾಗಿಯೂ ಆಳಕ್ಕೆ ನುಂಗಿದ ಮೀನು ಬಂದರೆ ಗಾಳ ಕೀಳುವುದಕ್ಕಿಂತ ಬಾಯಿಯ ಬಳಿ ಲೀಡರ್ ಕತ್ತರಿಸಿ ಬಿಡುವುದು ಮೇಲು.

ಈ ಕಥೆಯನ್ನು ಫೋನಿನಲ್ಲಿ ಹೇಳಿದಾಗ ಚಿಕ್ಕಪ್ಪ ನಕ್ಕದ್ದು ಇನ್ನೂ ಕಿವಿಯಲ್ಲಿದೆ: "ಹಿಡ್ದ್ ಮೀನ್ ಬಿಡುಕ್ ಅಷ್ಟ್ ದೂರ ಹೋಯ್ಕಾ ಮಗಾ?" ಬಿಡುವ ಪ್ರಶ್ನೆಯೇ ಇಲ್ಲದ ಕಡೆ ಅಂಥ ಗಾಳದ ಪ್ರಶ್ನೆಯೂ ಹುಟ್ಟುವುದಿಲ್ಲ.

ಬೇಸಿಗೆಯಲ್ಲಿ, ಅಂದರೆ ಇಲ್ಲಿನ ಜನವರಿಯಿಂದಾಚೆ, ನನ್ನ ಒಲವು ಸೇಂಟ್ ಲೆನರ್ಡ್ಸ್ ಎದುರಿನ ಕಡಲಹುಲ್ಲಿನ ಕಡೆಗೆ. ಅಲ್ಲಿ ಸಿಗುವ ಕಿಂಗ್ ಜಾರ್ಜ್ ವೈಟಿಂಗ್ ನಮ್ಮ ಕಾಣೆ ಮೀನಿನ ಕುಟುಂಬದ್ದೇ. ಮೈಮೇಲಿನ ಕಂದು ಚುಕ್ಕೆಗಳನ್ನು ಬಿಟ್ಟರೆ ಅದೇ ಚೂಪು ಮೂತಿ, ರವೆ ಹಚ್ಚಿ ಕಾಯಿಸಿದರೆ ಅದೇ ಬೆಳ್ಳನೆಯ ಮೆದು ಮಾಂಸ. ಚಿಕ್ಕ ಬಾಯಿಯ ಈ ಮೀನಿಗೆ ಉದ್ದ ಕಾಂಡದ ಸಣ್ಣ ಗಾಳ, ಅದಕ್ಕೆ ಪಚ್ಚಿಲೆ ಚಿಪ್ಪಿನ ಮಾಂಸ. ಇದಕ್ಕೂ 27 ಸೆಂ.ಮೀ. ಮಿತಿಯಿದೆ. ಆದರೆ ಈ ವೈಟಿಂಗ್ ಹುಟ್ಟುವುದು ಕೊಲ್ಲಿಯಲ್ಲಲ್ಲ; ದೂರದ ಪಶ್ಚಿಮದ ಕಡಲಿನಲ್ಲಿ ಹುಟ್ಟಿ, ತಿಂಗಳುಗಟ್ಟಲೆ ತೇಲುತ್ತ ಮರಿಯಾಗಿ ಇಲ್ಲಿಗೆ ಬಂದು, ಮೂರ್ನಾಲ್ಕು ವರ್ಷ ಬೆಳೆದು, ಮೊಟ್ಟೆಯಿಡುವ ಪ್ರಾಯಕ್ಕೆ ಹೊರಗೆ ಹೋಗುತ್ತದೆ. ಪಟ್ಟಿ ದಾಟಿತೆಂದು ನಾವು ನೆಮ್ಮದಿಯಿಂದ ಐಸ್ ಪೆಟ್ಟಿಗೆಗೆ ಹಾಕುವ ಮೀನು ಇನ್ನೂ ಒಮ್ಮೆಯೂ ಮೊಟ್ಟೆಯಿಟ್ಟಿರುವುದಿಲ್ಲ. ಅಳತೆಪಟ್ಟಿಯ ಮೇಲಿನ ನನ್ನ ಭಕ್ತಿ ಅಲುಗಿದ್ದು ಇಲ್ಲಿ.

ಗಂಗೊಳ್ಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನು ಮೊಟ್ಟೆಯಿಡುವ ಕಾಲವೆಂದು ಮೀನುಗಾರಿಕೆಗೆ ನಿಷೇಧವಿದ್ದು, ಯಾಂತ್ರಿಕ ದೋಣಿಗಳು ದಕ್ಕೆಯಲ್ಲಿ ಸಾಲಾಗಿ ಲಂಗರು ಹಾಕಿಕೊಂಡಿರುತ್ತವೆ. ಸಣ್ಣ ಮೋಟಾರಿನ ನಾಡದೋಣಿಗಳಿಗೆ ವಿನಾಯಿತಿಯುಂಟು, ಆದರೂ ಮಳೆಗಾಲದ ಕಡಲು ಅವುಗಳಿಗೂ ದಿನಾ ದಾರಿ ಬಿಡುವುದಿಲ್ಲ. ದಕ್ಕೆಯ ಮೇಲೆ ಕುಳಿತು ಬಲೆ ಹೆಣೆಯುವವರು, ದೋಣಿಗೆ ಬಣ್ಣ ಬಳಿಯುವವರು, ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಲು ಕಾಯುವವರು. ಯಾವ ಮೀನು ಎಷ್ಟು ಉದ್ದವೆಂದು ಆ ಎರಡು ತಿಂಗಳು ಯಾರೂ ನೋಡಬೇಕಿಲ್ಲ. ಅದು ಮುಗಿದ ಮೇಲೆ ಸಣ್ಣ ಕಣ್ಣಿನ ಬಲೆಯಲ್ಲಿ ಬೆರಳುದ್ದದ ಮರಿಗಳೂ ರಾಶಿಯಾಗಿ ಬರುತ್ತವೆ ಎಂಬುದನ್ನು ನಾನು ಮರೆಮಾಚುವುದಿಲ್ಲ.

ಮೆಲ್ಬರ್ನಿನವರು ಮಾಡುವುದು ಇದಕ್ಕೆ ತದ್ವಿರುದ್ಧ. ಸ್ನ್ಯಾಪರ್ ಕೊಲ್ಲಿಗೆ ಬರುವುದೇ ಮೊಟ್ಟೆಯಿಡಲು, ಮತ್ತು ಆ ತಿಂಗಳುಗಳೇ ಇಲ್ಲಿನ ಹಬ್ಬ. ನವೆಂಬರಿನ ಮೊದಲ ಮಂಗಳವಾರದ ಮೆಲ್ಬರ್ನ್ ಕಪ್ ಕುದುರೆ ಓಟದ ರಜೆಯಲ್ಲಿ ಕೊಲ್ಲಿಯ ದಡದ ಕ್ಯಾರಮ್ ಊರಿನ ಎದುರಿನ ನೀರು ದೋಣಿಗಳಿಂದ ತುಂಬುತ್ತದೆ. ಬಸುರಿ ಮೀನನ್ನು ಅಳೆದು ನೋಡಿ ಕೊಲ್ಲುವುದರಲ್ಲಿ ಎಂಥ ಶಿಸ್ತು ಎಂದು ಕೇಳಿದರೆ ಗೆಳೆಯರಿಗೆ ಸಿಟ್ಟು ಬರುತ್ತದೆ. ಪಕ್ಕದ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಸ್ನ್ಯಾಪರಿಗೆ 38 ಸೆಂ.ಮೀ.ನಷ್ಟು ಕಟ್ಟುನಿಟ್ಟಾದ ಮಿತಿಯಿತ್ತು. ಆದರೂ ಸಂತತಿ ಕುಸಿದು, 2019ರ ನವೆಂಬರಿನಿಂದ ಸ್ಪೆನ್ಸರ್ ಕೊಲ್ಲಿ, ಸೇಂಟ್ ವಿನ್ಸೆಂಟ್ ಕೊಲ್ಲಿ ಎರಡರಲ್ಲೂ ಸ್ನ್ಯಾಪರ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಇಲ್ಲಿಯೂ ನವೆಂಬರಿನಲ್ಲಿ ಮೂರು ವಾರ ಬಿಡುವು ಕೊಟ್ಟರೆ ನಷ್ಟವಾಗುವುದು ಹವ್ಯಾಸಿಗಳ ರಜೆಯ ಮೋಜು ಮಾತ್ರ, ಯಾರ ಮನೆಯ ಒಲೆಯೂ ಆರುವುದಿಲ್ಲ. ಹಾಗೆಯೇ ನಮ್ಮ ಕರಾವಳಿಯ ಅಳಿವೆಗಳಲ್ಲಿ ಹೊಸದಾಗಿ ಕೋಲು ರೀಲು ಹಿಡಿದು ವಾರಾಂತ್ಯಕ್ಕೆ ಬರುವ ಯುವಕರು ಮಿನುಗುವ ಕೃತಕ ಎರೆಗಳ ಜೊತೆಗೆ ಒಂದು ಅಳತೆಪಟ್ಟಿಯನ್ನೂ ನಾಲ್ಕು ಸರ್ಕಲ್ ಗಾಳವನ್ನೂ ಚೀಲಕ್ಕೆ ಹಾಕಿಕೊಳ್ಳಬೇಕು. ಯಾಂತ್ರಿಕ ದೋಣಿಗೆ ಬರೆದ ತಿಂಗಳ ಲೆಕ್ಕ ದಡದಲ್ಲಿ ನಿಂತವರನ್ನು ತಡೆಯುವುದಿಲ್ಲ.

ಹೋದ ವರ್ಷ ಕಪ್ ವಾರದಲ್ಲಿ ಸ್ನ್ಯಾಪರ್ ಬೇಡವೆಂದು ನಾನೊಬ್ಬನೇ ಬೊಂಡಾಸ್ (ಸ್ಕ್ವಿಡ್) ಹಿಡಿಯಲು ಕಡಲಹುಲ್ಲಿನ ಕಡೆ ಹೋದೆ. ದೊಡ್ಡ ದೊಡ್ಡವೇ ಸಿಕ್ಕವು. ವಸಂತದ ಆ ದೊಡ್ಡ ಬೊಂಡಾಸ್‌ಗಳೂ ಹುಲ್ಲಿನ ಬುಡಕ್ಕೆ ಮೊಟ್ಟೆಯ ಗೊಂಚಲು ಅಂಟಿಸಲೆಂದೇ ಬರುತ್ತವೆ ಎಂದು ಆಮೇಲೆ ತಿಳಿಯಿತು. ಈ ವರ್ಷ ಆ ವಾರ ದೋಣಿಯನ್ನು ಶೆಡ್ಡಿನಿಂದ ಹೊರಗೆಳೆಯಲಿಲ್ಲ. ಬಾಗಿಲು ತೆರೆದಿಟ್ಟು, ರೀಲುಗಳನ್ನು ಬಿಚ್ಚಿ ಎಣ್ಣೆ ಹಾಕುತ್ತ ಕುಳಿತೆ.