ನಾಲ್ಕನೇ ಮೂಲೆ

ನಿನ್ನೆ ರಾತ್ರಿ ಎರಡು ಗಂಟೆಗೆ ಅಂಗಳದಲ್ಲಿ ಯಾರೋ ಯಾರನ್ನೋ ಒದ್ದೆ ಬಟ್ಟೆಯಿಂದ ಬಾರಿಸುವ ಸದ್ದು. ಪಟ್, ಪಟ್, ಪಟಾರ್. ಹೆಂಡತಿ ಕಣ್ಣು ತೆರೆಯದೆಯೇ "ದೋಣಿ" ಎಂದು ಮಗ್ಗುಲು ಬದಲಿಸಿದಳು. ನಾನು ಟಾರ್ಚು ಹುಡುಕಿದೆ.

ದೋಣಿ ನನ್ನದಲ್ಲ, ಭಾವನದು. ಅಂದರೆ ಮಲಗಿಯೇ ಇದ್ದವಳ ಅಣ್ಣನದು. ದುಬೈಯಿಂದ ರಜೆಯಲ್ಲಿ ಬಂದವರು ಹದಿನಾಲ್ಕು ಅಡಿಯ ಫೈಬರ್ ಹಾಯಿದೋಣಿಯೊಂದನ್ನು ಕೊಂಡು, ನಮ್ಮ ಕಾಸರಗೋಡಿನ ಶಿರಿಯ ಹೊಳೆಯ ಅಳಿವೆಯಲ್ಲಿ ಮೂರು ಸಂಜೆ ತೇಲಿಸಿ, ಆರಿಕ್ಕಾಡಿ ಕೋಟೆಯ ಕಡೆ ಕೈ ಚಾಚಿ ಫೋಟೋ ತೆಗೆಸಿಕೊಂಡರು. ಆಮೇಲೆ ಅದನ್ನು ನಮ್ಮ ಅಡಿಕೆ ಅಂಗಳದಲ್ಲಿ ಹಳೆಯ ಟೈರುಗಳ ಮೇಲೆ ಕೂರಿಸಿ ವಿಮಾನ ಹತ್ತಿದರು. "ಮಳೆಗೆ ಒಂದು ಟರ್ಪಾಲು ಹೊದಿಸಿದರಾಯಿತು ಭಾವಾ" ಎಂದಿದ್ದರು. ಆ 'ಆಯಿತು' ಇನ್ನೂ ಆಗಿಲ್ಲ.

ಪತ್ತನಾಜೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಬಂತೆಂದರೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಜೂನ್ 9ರ ನಡುರಾತ್ರಿಯಿಂದ 52 ದಿನ ಕೇರಳದ ಟ್ರಾಲಿಂಗ್ ಬೋಟುಗಳೂ ದಡ ಸೇರಿ ಸುಮ್ಮನಿರುತ್ತವೆ. ನಮ್ಮ ಅಂಗಳದ ದೋಣಿಗೆ ಮಾತ್ರ ಆಟ ಶುರುವಾಗುವುದೇ ಆಗ.

ಕುಂಬಳೆ ಪೇಟೆಯಲ್ಲಿ ಟರ್ಪಾಲು ಕೇಳಿದಾಗ ಅಂಗಡಿಯವರು "ಟಾರ್ಪಾಯ ಅಲ್ಲವೇ" ಎಂದು ಮಲಯಾಳದಲ್ಲಿ ತಿದ್ದಿದರು. ಮಲಯಾಳದ ಪಾಯ ಎಂದರೆ ಚಾಪೆಯೂ ಹೌದು, ಹಾಯಿಯೂ ಹೌದು. ನಮ್ಮ ಹಾಯಿ ಅದರ ದಾಯಾದಿ, ಪಕಾರ ಹಕಾರವಾಗಿದೆ ಅಷ್ಟೆ. ಪುಣ್ಯಾತ್ಮರು ಆಗಲೇ ಎಚ್ಚರಿಸಿದ್ದರು, ನನಗೆ ತಿಳಿಯಲಿಲ್ಲ. 12×18 ಅಡಿಯ ನೀಲಿ ಶೀಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದೆ.

ಮೊದಲ ಮಳೆಗೆ ನಡುವಿನಲ್ಲಿ ಕೆರೆಯಾಯಿತು. ಒಂದು ಚದರ ಮೀಟರಿನಷ್ಟು ಜಾಗದಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ ನೂರು ಕಿಲೋ ಭಾರ. ಹಿಡಿಸೂಡಿಯ ಹಿಡಿಯಿಂದ ಕೆಳಗಿನಿಂದ ಎತ್ತಿದೆ. ಕೆರೆ ಅಂಗಿಯ ತೋಳಿನ ದಾರಿಯಾಗಿ ಒಳಗೆ ಬಂತು. ಆಮೇಲೆ ಹಾಯಿಮರವನ್ನೇ ಉದ್ದಕ್ಕೆ ಮಲಗಿಸಿ, ಮಾಡಿನ ನಡುತೊಲೆಯ ಹಾಗೆ ಎತ್ತರ ಕೊಟ್ಟು ಎರಡೂ ಕಡೆ ಇಳಿಜಾರು ಮಾಡಿದೆ. ನೀರೇನೋ ಇಳಿಯಿತು, ಆದರೆ ಗಾಳಿಗೆ ಶೀಟಿನ ಅಂಚಿನ ಕಣ್ಣುಗಳು ಒಂದೊಂದಾಗಿ ಹರಿದವು. ಅದಕ್ಕೂ ಉಪಾಯ ಸಿಕ್ಕಿತು. ಮೂಲೆಯೊಳಗೆ ಒಂದು ಸುಲಿಯದ ಅಡಿಕೆ ಇಟ್ಟು, ಶೀಟನ್ನು ಅದರ ಸುತ್ತ ಮುದುಡಿ, ಕೊರಳಿಗೆ ಹಗ್ಗ ಬಿಗಿದು ದೋಣಿಯ ಹೊಟ್ಟೆಯಡಿಯಿಂದ ಆಚೆಗೆ ಎಳೆಯುವುದು. ಈ ವರ್ಷ ನಮ್ಮ ಅಡಿಕೆಗೆ ಸಿಕ್ಕಿದ ಅತ್ಯಂತ ಘನವಾದ ಉದ್ಯೋಗ ಇದೇ.

ಇಷ್ಟನ್ನೂ ಸಹಿಸಬಹುದು. ಸಹಿಸಲಾಗದ್ದು ಸಂಜೆಯ ವಿಡಿಯೋ ಕರೆ. ಕೆಲಸ ಮುಗಿಸಿ ಹವಾನಿಯಂತ್ರಿತ ಕೋಣೆಯಲ್ಲಿ ಚಹಾ ಹಿಡಿದು ಕೂತ ಭಾವ, "ಮೂಲೆ ತೋರಿಸಿ ಭಾವಾ" ಎನ್ನುತ್ತಾರೆ. ಕೊಡೆಯ ಕೋಲನ್ನು ಕುತ್ತಿಗೆಯಲ್ಲಿ ಸಿಕ್ಕಿಸಿ ತೋರಿಸುತ್ತೇನೆ. "ಇನ್ನೊಂಚೂರು ಬಿಗಿಯಲಿ." ಬಿಗಿಯಲು ಎರಡು ಕೈ ಬೇಕು, ಒಂದರಲ್ಲಿ ಅವರೇ ಇದ್ದಾರೆ. ಫೋನನ್ನು ಹಲ್ಲಿನಲ್ಲಿ ಕಚ್ಚಿದರೆ "ಕತ್ತಲಾಯಿತು, ಕರೆಂಟು ಹೋಯಿತೇ?" ಎಂದು ವಿಚಾರಿಸುತ್ತಾರೆ. ಕೊನೆಗೆ ಬರುವುದು ಪರೀಕ್ಷೆ: "ಒಮ್ಮೆ ತಟ್ಟಿ ನೋಡುವಾ." ತಟ್ಟಬೇಕು. ಅವರು ಕಣ್ಣು ಮುಚ್ಚಿ ಆಲಿಸುತ್ತಾರೆ. "ಉಹುಂ, ಶ್ರುತಿ ಸಾಲದು." ಮತ್ತೆ ಎಳೆ, ಮತ್ತೆ ತಟ್ಟು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನಾಗಿಯೂ ಚೆಂಡೆ ಕಲಿಯಲಿಲ್ಲವೆಂಬ ನನ್ನ ಕೊರಗು ಈ ಮಳೆಗಾಲದಲ್ಲಿ ಪೂರ್ತಿ ನೀಗಿದೆ. ಮೊನ್ನೆ ಹಾಲು ಕೊಂಡುಹೋಗಲು ಬಂದ ಪಕ್ಕದ ಮನೆಯ ಅಕ್ಕ, ಸುರಿಯುವ ಮಳೆಯಲ್ಲಿ ನಾನು ದೋಣಿಯ ಬೆನ್ನು ತಟ್ಟುತ್ತಾ "ಈಗ ಸರಿಯಾಯಿತೇ ಭಾವಾ?" ಎಂದು ಕೇಳುವುದನ್ನು ಕಂಡು, ಮಾತಾಡದೆ ಅಡುಗೆಮನೆಯ ಬಾಗಿಲಿಗೆ ಹೋಗಿ ಹೆಂಡತಿಯ ಹತ್ತಿರ ತುಂಬಾ ಹೊತ್ತು ಪಿಸುಗುಟ್ಟಿದರು.

ಇಷ್ಟು ಶ್ರುತಿ ಹಿಡಿದೂ ನಿನ್ನೆ ನಾಲ್ಕನೇ ಮೂಲೆ ಬಿಚ್ಚಿತು. ಪ್ಲಾಸ್ಟಿಕ್ ಹಗ್ಗ ಒದ್ದೆಯಾದರೆ ಗಂಟು ಹಾವಿನಂತೆ ಜಾರುತ್ತದೆ. ಒಳಗೆ ನುಗ್ಗಿದ ಪಡುಗಾಳಿಗೆ ಶೀಟು ಹೊಟ್ಟೆ ಉಬ್ಬಿಸಿತು. ನಾನು ಟಾರ್ಚು ಬಿಡುವಷ್ಟರಲ್ಲಿ ದೋಣಿ ಟೈರಿನಿಂದ ಜಾರಿ, ಒದ್ದೆ ಅಂಗಳದಲ್ಲಿ ಗಂಭೀರವಾಗಿ ಎರಡಡಿ ಸಾಗಿ, ತುಳಸಿಕಟ್ಟೆಗೆ ಮೂಗು ತಾಗಿಸಿ ನಿಂತಿತು. ಹೊಳೆಯಲ್ಲಿ ಮೂರು ಸಂಜೆಯೂ ಅದು ಇಷ್ಟು ನೇರವಾಗಿ ಹೋದದ್ದಿಲ್ಲ. ಟಾರ್ಪಾಯ ಎಂದರೆ ಏನೆಂದು ಆಗ ಅರ್ಥವಾಯಿತು.

ಹಗ್ಗದ ತುದಿ ಹಿಡಿದು ಅಲ್ಲೇ ನಿಂತಾಗ ಅಪ್ಪನ ನೆನಪಾಯಿತು. ಮಳೆಗಾಲಕ್ಕೆ ಮೊದಲು ಅವರು ಜಗಲಿಯಲ್ಲಿ ಕೂತು ತೆಂಗಿನ ಮಡಲು ಹೆಣೆಯುತ್ತಿದ್ದರು. ಸೌದೆ ರಾಶಿಗೆ, ಕೊಟ್ಟಿಗೆಗೆ, ಸ್ನಾನದ ಕೊಟ್ಟಿಗೆಯ ಮಾಡಿಗೆ ಅದೇ ಹೊದಿಕೆ. ಮಡಲಿನ ಸಂದುಗಳಲ್ಲಿ ಗಾಳಿ ಆಚೆ ಹೋಗುತ್ತಿತ್ತು, ಆದ್ದರಿಂದ ಅದು ಹಾರುತ್ತಿರಲಿಲ್ಲ, ಒಳಗೆ ಬೂಷ್ಟೂ ಹಿಡಿಯುತ್ತಿರಲಿಲ್ಲ. ಮಳೆ ಬಿದ್ದರೆ ಪಟಾರ್ ಅಲ್ಲ, ಜೊರ್ರೆಂಬ ಒಂದೇ ಸಣ್ಣ ಸದ್ದು. ಅದನ್ನು ಕೇಳುತ್ತಾ ಮಲಗಿದ್ದು ಗೊತ್ತು, ನಿದ್ದೆ ಬಂದದ್ದು ಗೊತ್ತಿಲ್ಲ. ತೋಟದಲ್ಲಿ ಮಡಲು ಈಗಲೂ ರಾಶಿ ಬೀಳುತ್ತದೆ. ಹೆಣೆಯುವುದನ್ನು ಕಲಿ ಎಂದು ಅಪ್ಪ ಕರೆದಾಗಲೆಲ್ಲ ನನಗೆ ಓದುವುದಿತ್ತು.

ಸಂಜೆ ಎಂದಿನಂತೆ ಕರೆ ಬಂತು. ತುಳಸಿಕಟ್ಟೆಯ ಕಡೆ ಫೋನು ತಿರುಗಿಸಲಿಲ್ಲ. ಗಟ್ಟಿಯಾಗಿ ಉಳಿದಿದ್ದುದು ಒಂದೇ ಮೂಲೆ. ಅದನ್ನೇ ಆ ಬದಿಯಿಂದ, ಈ ಬದಿಯಿಂದ, ಮೇಲಿನಿಂದ, ಕೊನೆಗೆ ಕುಕ್ಕರಗಾಲಿನಲ್ಲಿ ಕೂತು ಕೆಳಗಿನಿಂದ, ಹೀಗೆ ನಾಲ್ಕು ಸಲ ತೋರಿಸಿದೆ. ತಟ್ಟಿಯೂ ತೋರಿಸಿದೆ. ಭಾವ ಬಹಳ ಹೊತ್ತು ಪರಿಶೀಲಿಸಿದರು.

"ನಾಲ್ಕನೆಯದು ಒಳ್ಳೆಯದಾಗಿದೆ ಭಾವಾ. ಮೊದಲನೆಯದನ್ನು ಬಿಚ್ಚಿ, ಅದೇ ರೀತಿ ಕಟ್ಟಿ."