ಗುರುಗ್ರಹಕ್ಕೊಂದು ಫೈನಲ್ ಟಚ್

ಪಾಠ ಮಾಡುವ ಪ್ರತಿಯೊಬ್ಬರೂ ಜಗತ್ತಿನಲ್ಲಿ ತಮ್ಮ ವಿಷಯವೊಂದೇ ಇದೆಯೆಂದು ನಂಬಿರುತ್ತಾರೆ ಎನ್ನುವುದಕ್ಕೆ, ಪ್ರಾಜೆಕ್ಟ್ ಒಪ್ಪಿಸಲು ಅವರು ಗೊತ್ತುಮಾಡುವ ದಿನಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ವಿಜ್ಞಾನದ ಮೇಡಂ ಸೋಮವಾರ ಎಂದರು. ಇತಿಹಾಸದ ಸರ್ ಬಹಳ ಉದಾರವಾಗಿ, "ಭಾನುವಾರ ಇಡೀ ದಿನ ಬಿಡುವಿರುತ್ತದಲ್ಲ, ಸೋಮವಾರ ತನ್ನಿ" ಎಂದರು. ಗಣಿತದ ಸರ್ ದಿನವನ್ನೇ ಹೇಳದೆ ಸೋಮವಾರ ಬೆಳಿಗ್ಗೆ ತರಗತಿಗೆ ಬಂದು, "ಎಲ್ಲಿ?" ಎಂದು ಕೈಚಾಚಿದರು. ಇವರೆಲ್ಲ ಒಂದೇ ಕೊಠಡಿಯಲ್ಲಿ, ಒಂದೇ ಮೇಜಿನ ಸುತ್ತ ಕುಳಿತು ದಿನವೂ ಮಾತನಾಡುತ್ತಾರೆ. ಏನು ಮಾತನಾಡುತ್ತಾರೋ ತಿಳಿಯದು. ನಮ್ಮ ಸೋಮವಾರದ ವಿಚಾರವನ್ನಂತೂ ಅಲ್ಲ.

ಆ ಸೋಮವಾರ ಮುಗಿದು ಹೆಚ್ಚು ಹೊತ್ತಾಗಿಲ್ಲ, ಬೆರಳಿಗೆ ಅಂಟಿದ ಗೋಂದು ಕೂಡ ಇನ್ನೂ ಪೂರ್ತಿ ಬಿಟ್ಟಿಲ್ಲ. ಆದರೂ ನನ್ನ ಸಿಟ್ಟು ಶಿಕ್ಷಕರ ಮೇಲೆ ಅಷ್ಟಾಗಿ ಇಲ್ಲ. ಅದು ಇರುವುದು ನಮ್ಮ ಗುಂಪಿನ ಒಬ್ಬನ ಮೇಲೆ. ಗುಂಪಿನ ಪ್ರಾಜೆಕ್ಟ್ ಎಂದೊಡನೆ ಒಬ್ಬರು ಸಾಮಾನು ತರುತ್ತಾರೆ, ಒಬ್ಬರು ಬರೆಯುತ್ತಾರೆ, ಒಬ್ಬರು ಇಂಟರ್ನೆಟ್‌ನಲ್ಲಿ ಹುಡುಕುತ್ತೇನೆಂದು ಹೋಗಿ ಮರಳಿ ಬರುವುದೇ ಇಲ್ಲ. ಇವನು ಇದಾವುದನ್ನೂ ಒಪ್ಪಿಕೊಳ್ಳುವುದಿಲ್ಲ. "ನೀವೆಲ್ಲ ಮುಗಿಸಿ ಇಡಿ, ಫೈನಲ್ ಟಚ್ ನಾನು ಕೊಡುತ್ತೇನೆ" ಎನ್ನುತ್ತಾನೆ. ಎಲ್ಲ ವಿಷಯಕ್ಕೂ ಇದೇ ಮಾತು. ಕೆಲಸ ನಡೆಯುವಷ್ಟು ಹೊತ್ತೂ ಕೈಕಟ್ಟಿ ನಿಂತು, ತಲೆಯನ್ನು ಸ್ವಲ್ಪ ಓರೆಮಾಡಿ, ದೊಡ್ಡ ಕಲಾವಿದನ ಹಾಗೆ ದೂರದಿಂದ ನೋಡುತ್ತಿರುತ್ತಾನೆ.

ಗಣಿತದಲ್ಲಿ ಅವನಿಂದ ಆದ ಹಾನಿ ಕಡಿಮೆ. ಸಹಪಾಠಿಗಳು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿ, ಶೇಕಡಾವಾರು ಲೆಕ್ಕ ಹಾಕಿ, ವೃತ್ತನಕ್ಷೆ ಬರೆದಿದ್ದೆವು. ಪ್ರತಿಯೊಂದು ಸಂಖ್ಯೆಯನ್ನೂ ಹತ್ತಿರದ ಪೂರ್ಣಾಂಕಕ್ಕೆ ತಂದಿದ್ದರಿಂದ ಎಲ್ಲವೂ ಸೇರಿ 101 ಆಗಿತ್ತು. ಪೂರ್ಣಾಂಕಕ್ಕೆ ತಂದಾಗ ಹೀಗಾಗುವುದು ಸಹಜ, ಕೆಳಗೆ ಟಿಪ್ಪಣಿ ಬರೆದರೆ ಸಾಕು. ಇವನು ಟಿಪ್ಪಣಿಯ ಗೋಜಿಗೆ ಹೋಗದೆ, ಫೈನಲ್ ಟಚ್ ಎಂದು ಎಲ್ಲರ ನಿದ್ದೆಯಲ್ಲಿ ಶೇಕಡಾ ಒಂದನ್ನು ಕಡಿಮೆ ಮಾಡಿದ. ಆ ಭಾನುವಾರದ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ.

ಇತಿಹಾಸದಲ್ಲಿ 1789ರ ಫ್ರಾನ್ಸ್‌ನ ಮಾನವ ಮತ್ತು ನಾಗರಿಕ ಹಕ್ಕುಗಳ ಘೋಷಣೆಯನ್ನು ನಾವೇ ಬರೆದು ತರಬೇಕಿತ್ತು. ಅದರಲ್ಲಿ 17 ವಿಧಿಗಳಿವೆ. ಕಾಗದವನ್ನು ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿ, ಒಣಗಿಸಿ, ಹಳೆಯ ದಾಖಲೆಯ ಬಣ್ಣ ಬರಿಸಿ, ಹದಿನೇಳನ್ನೂ ಮುದ್ದಾದ ಅಕ್ಷರಗಳಲ್ಲಿ ಬರೆದಾಗಿತ್ತು. ಅಂಚು ಸುಟ್ಟಂತಿದ್ದರೆ ಇನ್ನೂ ನೈಜವಾಗಿ ಕಾಣುತ್ತದೆ ಎಂದು ಇವನು ಬೆಂಕಿಕಡ್ಡಿ ಗೀರಿದ. ಬೆಂಕಿಗೆ ಅಂಚು ಯಾವುದು, ವಿಷಯ ಯಾವುದು ಎಂಬ ಭೇದ ತಿಳಿಯುವುದಿಲ್ಲ. ಆರಿಸುವಷ್ಟರಲ್ಲಿ ಕೊನೆಯ ವಿಧಿ ಪೂರ್ತಿ ಹೋಗಿತ್ತು. ಆಸ್ತಿಯ ಹಕ್ಕು ಯಾರೂ ಉಲ್ಲಂಘಿಸಲಾಗದ ಪವಿತ್ರ ಹಕ್ಕು ಎಂದು ಸಾರುವ ವಿಧಿ ಅದು. ಕಾಗದ ನನ್ನದಾಗಿತ್ತು.

ಇಷ್ಟಾದ ಮೇಲೂ ಸೌರವ್ಯೂಹವನ್ನು ಅವನ ಕೈಗೆ ಸಿಗುವಂತೆ ಇಟ್ಟದ್ದು ಯಾರು ಎಂಬ ಬಗ್ಗೆ ಗುಂಪಿನಲ್ಲಿ ಇಂದಿಗೂ ಒಮ್ಮತವಿಲ್ಲ. ಥರ್ಮಾಕೋಲ್ ಉಂಡೆಗಳನ್ನು ಉಜ್ಜಿ ನುಣುಪು ಮಾಡಿ, ಎಂಟು ಗ್ರಹಗಳಿಗೂ ಬ್ರಷ್‌ನಿಂದ ನೀರಿನ ಬಣ್ಣ ಬಳಿದಿದ್ದೆವು. ಪ್ಲೂಟೊವನ್ನು 2006ರಲ್ಲೇ ಗ್ರಹಗಳ ಪಟ್ಟಿಯಿಂದ ಕೈಬಿಟ್ಟಿದ್ದರಿಂದ ಒಂದು ಉಂಡೆಯ ಕೆಲಸ ಉಳಿದಿತ್ತು, ಖಗೋಳ ವಿಜ್ಞಾನಿಗಳಿಗೆ ನಮ್ಮ ವಂದನೆಗಳು. ಆಗ ಇವನು ಸ್ಪ್ರೇ ಪೇಂಟ್ ಡಬ್ಬಿಯನ್ನು ಕುಲುಕುತ್ತ ಬಂದ. ಗುರುಗ್ರಹಕ್ಕೆ ಹೊಳಪು ಸಾಲದು ಎಂಬುದು ಅವನ ಅಭಿಪ್ರಾಯ. ಸುಯ್ಯೆಂದು ಹೊಡೆದ. ಒಂದು ಕ್ಷಣ ಗುರುಗ್ರಹ ನಿಜಕ್ಕೂ ಹೊಳೆಯಿತು. ಮರುಕ್ಷಣ ಚರ್‍ಚರ್ ಎಂಬ ಸಣ್ಣ ಸದ್ದಿನೊಂದಿಗೆ ಅದರ ಕೆನ್ನೆ ಒಳಕ್ಕೆ ಹೋಯಿತು. ಕೆಂಪು ಮಚ್ಚೆಯಿದ್ದ ಜಾಗದಲ್ಲಿ ಬೆರಳು ತೂರುವಷ್ಟು ಆಳದ ಗುಂಡಿ ಬಿತ್ತು. ಇವನು ಗಾಬರಿಯಾಗಿ, ಗುಂಡಿಯನ್ನು ಮುಚ್ಚಬೇಕೆಂದು, ಅದರೊಳಕ್ಕೇ ಇನ್ನಷ್ಟು ಪೇಂಟ್ ಹೊಡೆದ. ಪಕ್ಕದಲ್ಲಿದ್ದ ಶನಿಗೂ ಹನಿ ಸಿಡಿಯಿತು. ನೀರಿಗಿಂತ ಕಡಿಮೆ ಸಾಂದ್ರತೆಯ ಗ್ರಹ ಶನಿ. ಥರ್ಮಾಕೋಲ್‌ನಲ್ಲಿ ಮಾಡಲು ಅದಕ್ಕಿಂತ ಯೋಗ್ಯವಾದ ಗ್ರಹವಿಲ್ಲವೆಂದು ನಾನು ವಿವರಣೆಯಲ್ಲಿ ಹೆಮ್ಮೆಯಿಂದ ಬರೆದಿದ್ದೆ. ಉಳಿದದ್ದು ಬಳೆ ಮಾತ್ರ.

ಈ ಸೌರವ್ಯೂಹದ ವಿಚಾರದಲ್ಲಿ ನನಗೆ ಬೇರೆಯೇ ಒಂದು ಆಸೆಯಿತ್ತು. ಅಳತೆಗೆ ಸರಿಯಾಗಿ ಮಾಡೋಣವೆಂದು ಒಂದು ರಾತ್ರಿ ಲೆಕ್ಕ ಹಾಕಿದ್ದೆ. ಭೂಮಿಯನ್ನು 1 ಸೆಂಟಿಮೀಟರ್ ಅಗಲದ ಮಣಿಯೆಂದುಕೊಂಡರೆ ಸೂರ್ಯ 109 ಸೆಂಟಿಮೀಟರ್ ಅಗಲದ ಗೋಳವಾಗಬೇಕು, ಅವೆರಡರ ನಡುವೆ ಸುಮಾರು 117 ಮೀಟರ್ ಅಂತರವಿರಬೇಕು. ನೆಪ್ಚೂನ್ ಮೂರೂವರೆ ಕಿಲೋಮೀಟರ್ ಆಚೆ ಹೋಗುತ್ತದೆ. ಸೂರ್ಯನನ್ನು ಶಾಲೆಯಲ್ಲಿ ಬಿಟ್ಟು, ಕೈಯಲ್ಲಿ ಪುಟ್ಟ ನೀಲಿ ಗುಂಡನ್ನು ಹಿಡಿದು ಅಷ್ಟು ದೂರ ನಡೆದು ಹೋದರೆ ಹೇಗಿರುತ್ತದೆ ಎಂದು ಯೋಚಿಸುತ್ತ ಬಹಳ ಹೊತ್ತು ನಿದ್ದೆ ಬರಲಿಲ್ಲ. ಗುಂಪಿಗೆ ಹೇಳಿದೆ. "ಮಾದರಿ ಮೇಜಿನ ಮೇಲೆ ಹಿಡಿಸಬೇಕು" ಎಂದು ಸೂಚನೆಯ ಹಾಳೆಯಲ್ಲಿ ಬರೆದಿದ್ದುದನ್ನು ತೋರಿಸಿದರು. ಹಾಗಾಗಿ ನಮ್ಮ ಸೌರವ್ಯೂಹದಲ್ಲಿ ಗ್ರಹಗಳು ಒಂದಕ್ಕೊಂದು ಉಜ್ಜಿಕೊಂಡೇ ಸುತ್ತುತ್ತಿದ್ದವು. ಮೇಜಿನ ಇನ್ನೊಂದು ತುದಿಯಲ್ಲಿ "ಪ್ಲಾಸ್ಟಿಕ್ ತ್ಯಜಿಸಿ" ಎಂಬ ಪರಿಸರದ ಚಾರ್ಟ್ ಇತ್ತು. ಅದರ ಅಕ್ಷರಗಳಿಗೆ ಉದುರಿಸಿದ ಮಿನುಗು ಪುಡಿಯೂ, ಮೇಲಿನ ಲ್ಯಾಮಿನೇಷನ್ನೂ ಪ್ಲಾಸ್ಟಿಕ್ಕೇ. ಅದು ಯಾರ ಫೈನಲ್ ಟಚ್ ಎಂದು ಹೇಳಬೇಕಾಗಿಲ್ಲ.

ಮೇಡಂ ಗುರುಗ್ರಹದ ಮುಂದೆ ಬಹಳ ಹೊತ್ತು ನಿಂತು, "ಇದೇಕೆ ಹೀಗಾಗಿದೆ?" ಎಂದು ಕೇಳಿದರು. ನಾವೆಲ್ಲ ನೆಲ ನೋಡಿದೆವು. ಇವನು ಒಂದು ಹೆಜ್ಜೆ ಮುಂದೆ ಬಂದು, ಥರ್ಮಾಕೋಲ್ ಎಂದರೆ ಪಾಲಿಸ್ಟೈರೀನ್, ಅದರ ಗಾತ್ರದಲ್ಲಿ ಶೇಕಡಾ 95ಕ್ಕೂ ಹೆಚ್ಚು ಬರಿಯ ಗಾಳಿ, ಪೇಂಟ್‌ನಲ್ಲಿರುವ ದ್ರಾವಕ ಪಾಲಿಸ್ಟೈರೀನನ್ನು ಕರಗಿಸಿದಾಗ ಗಾಳಿ ಹೊರಟುಹೋಗುತ್ತದೆ, ಆದ್ದರಿಂದ ಅಷ್ಟು ದೊಡ್ಡ ಉಂಡೆ ಇಷ್ಟೇ ಆಗುತ್ತದೆ, ಇದು ಸುಡುವುದಲ್ಲ, ಕರಗುವುದು ಎಂದು ಒಂದೂ ತಪ್ಪಿಲ್ಲದೆ ವಿವರಿಸಿದ. ಹಿಂದಿನ ರಾತ್ರಿ ಅಪರಾಧಿ ಪ್ರಜ್ಞೆಯಿಂದ ಕುಳಿತು ಓದಿದ್ದನಂತೆ. ಮೇಡಂ ಮುಖ ಅರಳಿತು. ಮಾದರಿಯಲ್ಲಿ ಅಚ್ಚುಕಟ್ಟುತನವಿಲ್ಲವೆಂದು ನಮ್ಮೆಲ್ಲರ ಅಂಕದಲ್ಲಿ ಒಂದನ್ನು ಕಳೆದರು; ವಿವರಣೆ ಚೆನ್ನಾಗಿತ್ತೆಂದು ಅವನಿಗೆ ಅದನ್ನು ವಾಪಸು ಕೊಟ್ಟು, ಮೇಲೊಂದು ಸೇರಿಸಿದರು.